ಸಿಗರೇಟಿನಿಂದ ವೇಪ್‌ಗೆ: ಮೊದಲ ಕಾಯಿಲ್ ಎಷ್ಟು ಓಮ್ ಇರಬೇಕು?

ಸಿಗರೇಟು ಬಿಡಲೆಂದು ವೇಪ್, ಅಂದರೆ ಇ-ಸಿಗರೇಟು, ಕೊಳ್ಳಲು ಹೊರಟವರು ಡಿವೈಸಿನ ಬಣ್ಣ ನೋಡುತ್ತಾರೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂದು ಕೇಳುತ್ತಾರೆ, ಫ್ಲೇವರ್ ಆರಿಸಲು ಅರ್ಧ ಗಂಟೆ ತೆಗೆದುಕೊಳ್ಳುತ್ತಾರೆ. ಪೆಟ್ಟಿಗೆಯ ಬದಿಯಲ್ಲಿ ಸಣ್ಣಗೆ ಅಚ್ಚಾಗಿರುವ 0.6 ಅಥವಾ 1.2 ಎಂಬ ಅಂಕಿಯನ್ನು ಮಾತ್ರ ಓದುವುದಿಲ್ಲ. ನಿಕೋಟಿನ್ ಬೆರೆತ ಲಿಕ್ವಿಡ್ಡನ್ನು ಕಾಯಿಸಿ ಆವಿ ಮಾಡುವ ಸಣ್ಣ ತಂತಿ ಅಥವಾ ಜಾಲರಿಯೇ ಕಾಯಿಲ್, ಅದರ ವಿದ್ಯುತ್ ರೋಧ ಎಷ್ಟು ಓಮ್ ಎಂದು ಹೇಳುವ ಅಂಕಿ ಅದು. ಮೊದಲ ವಾರ ನೆಮ್ಮದಿಯಾಗಿ ಕಳೆಯುತ್ತದೋ ಇಲ್ಲವೋ ಎನ್ನುವುದು ನಿಂತಿರುವುದು ಆ ಅಂಕಿಯ ಮೇಲೆ. ಅದು ತಪ್ಪಿದರೆ ಕೆಮ್ಮು, ತಲೆಸುತ್ತು, ಸೀದ ರುಚಿ, ಇಲ್ಲವೇ ಎಷ್ಟು ಎಳೆದರೂ ತೀರದ ಚಡಪಡಿಕೆ. ಹತ್ತು ದಿನದೊಳಗೆ ಡಿವೈಸ್ ಡ್ರಾಯರ್ ಸೇರುತ್ತದೆ, ಸಿಗರೇಟು ಪ್ಯಾಕ್ ಜೇಬಿಗೆ ಮರಳುತ್ತದೆ.

ಇಲ್ಲಿ ಬರೆದಿರುವುದೆಲ್ಲ ಬ್ರಿಟನ್ನಿನ ಲೆಕ್ಕ. ಅಲ್ಲಿ ವೇಪ್ ಕಾನೂನುಬದ್ಧ. ಸಿಗರೇಟು ಬಿಡಲು ಅದನ್ನು ಬಳಸಬಹುದೆಂದು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಕೂಡ ಹೇಳುತ್ತದೆ. ಭಾರತದಲ್ಲಿ ಹಾಗಿಲ್ಲ. ಕರ್ನಾಟಕ 2016ರಲ್ಲೇ ಇ-ಸಿಗರೇಟು ನಿಷೇಧಿಸಿತು, 2019ರ ಕೇಂದ್ರ ಕಾಯ್ದೆಯಿಂದ ದೇಶದಾದ್ಯಂತ ತಯಾರಿಕೆ, ಆಮದು, ಮಾರಾಟ, ಸಂಗ್ರಹ, ಜಾಹೀರಾತು ಎಲ್ಲವೂ ಅಪರಾಧ. ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇದು ಈಗಾಗಲೇ ಸಿಗರೇಟು ಸೇದುತ್ತಿರುವ, ಹದಿನೆಂಟು ದಾಟಿದವರಿಗೆ ಮಾತ್ರ. ಸೇದದವರು ಇದನ್ನು ಶುರು ಮಾಡಲು ಯಾವ ಕಾರಣವೂ ಇಲ್ಲ.

ಹೊಸಬರ ಜೊತೆ ಕೂತಾಗ ಓಮ್ ವಿಷಯ ನಾನು ಮೊದಲೇ ಎತ್ತುವುದಿಲ್ಲ. ಮೊದಲ ಪ್ರಶ್ನೆ, ದಮ್ಮು ಹೇಗೆ ಎಳೆಯುತ್ತೀರಿ? ಸಿಗರೇಟು ಸೇದುವವರು ಸಾಮಾನ್ಯವಾಗಿ ಹೊಗೆಯನ್ನು ಮೊದಲು ಬಾಯಿಗೆ ತುಂಬಿಕೊಂಡು, ಅರೆಕ್ಷಣ ಬಿಟ್ಟು, ಆಮೇಲೆ ಎದೆಗೆ ಇಳಿಸುತ್ತಾರೆ. ಹುಕ್ಕಾ ಎಳೆಯುವವರು ಉಸಿರಿನ ಜೊತೆಗೇ ನೇರ ಎದೆಗೆ ಎಳೆಯುತ್ತಾರೆ. ಈ ಎರಡು ಅಭ್ಯಾಸಗಳಿಗೆ ಎರಡು ಬೇರೆ ಜಾತಿಯ ಕಾಯಿಲ್‌ಗಳಿವೆ. ಬಾಯಿಂದ ಎದೆಗೆ ಇಳಿಸುವವರಿಗೆ 1.0 ಓಮ್ ಮತ್ತು ಅದಕ್ಕಿಂತ ಮೇಲೆ. ನೇರ ಎದೆಗೆ ಎಳೆಯುವವರಿಗೆ 0.5ಕ್ಕಿಂತ ಕೆಳಗೆ. ನಡುವೆ 0.6ರಿಂದ 0.8ರವರೆಗೆ ಎರಡಕ್ಕೂ ಒಗ್ಗುವ ಒಂದು ಪಟ್ಟಿ ಇದೆ. ದಿನಕ್ಕೆ ಹತ್ತೋ ಹದಿನೈದೋ ಸಿಗರೇಟು ಸೇದುವವರಿಗೆ ನನ್ನ ಉತ್ತರ ಬಹುತೇಕ ಯಾವಾಗಲೂ 1.0 ಅಥವಾ 1.2.

ಅಲ್ಲೇ ಬರುವ ಪ್ರಶ್ನೆ ಇದು: "ಕಮ್ಮಿ ಓಮ್ ಅಂದ್ರೆ ಕಮ್ಮಿ ಸ್ಟ್ರಾಂಗ್ ತಾನೆ? ಹೊಸಬ ನಾನು, 0.4 ಕೊಡ್ಸಿ ಸಾಕು." ವಿಷಯ ತಿರುಗುಮುರುಗು. ಹೈಸ್ಕೂಲಿನಲ್ಲಿ ಓದಿದ ಓಮ್‌ನ ನಿಯಮವನ್ನು ನೆನಪಿಸಿಕೊಂಡರೆ ಸಾಕು: ವೋಲ್ಟೇಜನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ರೋಧದಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. ಲಿಥಿಯಂ ಬ್ಯಾಟರಿಯ ಸರಾಸರಿ 3.7 ವೋಲ್ಟ್ ಹಿಡಿದರೆ, 1.2 ಓಮ್ ಕಾಯಿಲ್‌ನಲ್ಲಿ ಸುಮಾರು 11 ವ್ಯಾಟ್, 0.8ರಲ್ಲಿ 17, 0.4ರಲ್ಲಿ 34. ಓಮ್ ಇಳಿದಷ್ಟೂ ಕರೆಂಟ್ ಹೆಚ್ಚು ಹರಿಯುತ್ತದೆ, ಶಾಖ ಹೆಚ್ಚು, ಆವಿ ಹೆಚ್ಚು, ಒಂದೊಂದು ದಮ್ಮಿಗೆ ಖರ್ಚಾಗುವ ಲಿಕ್ವಿಡ್ ಹೆಚ್ಚು. ಅದರ ಜೊತೆಗೇ ದೇಹಕ್ಕೆ ಹೋಗುವ ನಿಕೋಟಿನ್ನೂ ಹೆಚ್ಚು. ಈಗಿನ ಡಿವೈಸ್‌ಗಳಲ್ಲಿರುವ ಚಿಪ್ ಕಾಯಿಲ್‌ನ ಓಮ್ ಅಳೆದು ಔಟ್‌ಪುಟ್ಟನ್ನು ತಾನೇ ಹೊಂದಿಸುವುದರಿಂದ ಅಂಕಿ ಸ್ವಲ್ಪ ಆಚೀಚೆ ಆಗಬಹುದು, ದಿಕ್ಕು ಮಾತ್ರ ಇದೇ.

ಹೆಚ್ಚು ಓಮ್ ಹೊಸಬರಿಗೆ ಒಗ್ಗುತ್ತದೆ ಎನ್ನುವುದು ಬರೀ ನನ್ನ ಅಭಿಪ್ರಾಯವಲ್ಲ. ಇಂಗ್ಲೆಂಡಿನ ಸರ್ಕಾರಿ ಧೂಮಪಾನ ಬಿಡಿಸುವ ಕೇಂದ್ರಗಳಲ್ಲಿ 886 ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ಒಂದು ವರ್ಷದ ನಂತರ ವೇಪ್ ಗುಂಪಿನ ನೂರಕ್ಕೆ 18 ಜನ ಸಿಗರೇಟಿನಿಂದ ದೂರ ಉಳಿದಿದ್ದರು. ಗಮ್, ಪ್ಯಾಚ್ ಮುಂತಾದವು ಪಡೆದ ಗುಂಪಿನಲ್ಲಿ ಆ ಪ್ರಮಾಣ 9.9. ವೇಪ್ ಗುಂಪಿನ ಬಹುತೇಕರ ಕೈಗೆ ಕೊಟ್ಟದ್ದು ದೊಡ್ಡ ಮೋಡ ಬಿಡುವ ಡಿವೈಸಲ್ಲ. ಲಿಕ್ವಿಡ್ ತುಂಬಿಸಿಕೊಳ್ಳುವ ಸಾಧಾರಣ ಕಿಟ್ಟು, ಹೆಚ್ಚು ಓಮ್‌ನ ಕಾಯಿಲ್, ಮಿಲಿಲೀಟರಿಗೆ 18 ಮಿ.ಗ್ರಾಂ ನಿಕೋಟಿನ್‌ನ ತಂಬಾಕು ಫ್ಲೇವರ್ ಬಾಟಲಿ, ಅಷ್ಟೇ.

ಓಮ್ ನಿಶ್ಚಯವಾದ ಮೇಲೆ ಲಿಕ್ವಿಡ್. ಇವೆರಡನ್ನೂ ಬೇರೆಬೇರೆಯಾಗಿ ಆರಿಸುವುದರಿಂದಲೇ ಮುಕ್ಕಾಲು ತೊಂದರೆ ಹುಟ್ಟುವುದು. ಲಿಕ್ವಿಡ್‌ನಲ್ಲಿ ಮುಖ್ಯವಾಗಿ ಇರುವುದು ಎರಡು: ಪಿಜಿ ಎನ್ನುವ ಪ್ರೊಪಿಲೀನ್ ಗ್ಲೈಕಾಲ್ ಮತ್ತು ವಿಜಿ ಎನ್ನುವ ವೆಜಿಟೆಬಲ್ ಗ್ಲಿಸರಿನ್. ಪಿಜಿ ತೆಳು, ಗಂಟಲಿಗೆ ಹೊಡೆತ ಕೊಡುವುದು ಅದು. ವಿಜಿ ಮಂದ, ದಟ್ಟ ಆವಿ ಬರುವುದು ಅದರಿಂದ. 1.2 ಓಮ್ ಕಾಯಿಲ್‌ನ ಪಕ್ಕದಲ್ಲಿ ಲಿಕ್ವಿಡ್ ಒಳಗೆ ಹೋಗಲು ಇರುವ ತೂತುಗಳು ಬಲು ಸಣ್ಣವು. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಒಳಗಿನ ಹತ್ತಿ ಆ ತೂತುಗಳ ಮೂಲಕ ಹೀರಿಕೊಳ್ಳಬೇಕು. 70 ಭಾಗ ವಿಜಿ ಇರುವ ಲಿಕ್ವಿಡ್ ಹಾಕಿದರೆ ಅದು ಅಷ್ಟು ಬೇಗ ಒಳಗೆ ಇಳಿಯುವುದಿಲ್ಲ; ಎರಡು ಮೂರು ದಮ್ಮಿಗೆ ಹತ್ತಿ ಒಣಗಿ ಸೀಯುತ್ತದೆ. ಆದ್ದರಿಂದ 1.0, 1.2 ಓಮ್‌ಗಳಿಗೆ 50:50. 0.8ಕ್ಕೂ 50:50 ಸರಿ, 60 ವಿಜಿ ಕೂಡ ನಡೆಯುತ್ತದೆ. 0.4 ಮತ್ತು ಕೆಳಗಿನವಕ್ಕೆ 70 ವಿಜಿ. ಈ ದೊಡ್ಡ ತೂತಿನ ಕಾಯಿಲ್‌ಗೆ 50:50 ಹಾಕಿದರೆ ಕಥೆ ಉಲ್ಟಾ ಆಗುತ್ತದೆ: ಲಿಕ್ವಿಡ್ ನುಗ್ಗಿ ಬಂದು ಕೊಳವೆ ತುಂಬುತ್ತದೆ, ಕೆಳಗಿನಿಂದ ಜಿನುಗುತ್ತದೆ, ಬಿಸಿ ಹನಿ ನಾಲಿಗೆಗೆ ಸಿಡಿಯುತ್ತದೆ.

ನಿಕೋಟಿನ್ ಪ್ರಮಾಣದ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಬ್ರಿಟನ್ನಿನ ಕಾನೂನಿನಲ್ಲಿ ಮಿಲಿಲೀಟರಿಗೆ 20 ಮಿ.ಗ್ರಾಂ ಗರಿಷ್ಠ, ನಿಕೋಟಿನ್ ಇರುವ ಬಾಟಲಿ 10 ಮಿ.ಲೀ.ಗಿಂತ ದೊಡ್ಡದಿರುವಂತಿಲ್ಲ, ಟ್ಯಾಂಕ್ 2 ಮಿ.ಲೀ. ಮೀರುವಂತಿಲ್ಲ. ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ. ಆಮ್ಲ ಸೇರಿಸದ ನಿಕೋಟಿನ್, ಅಂದರೆ ಫ್ರೀಬೇಸ್‌ನಲ್ಲಿ 3, 6, 12, 18. ನಿಕ್ ಸಾಲ್ಟ್‌ನಲ್ಲಿ ಸಾಮಾನ್ಯವಾಗಿ 10 ಮತ್ತು 20. ಸಾಲ್ಟ್‌ನಲ್ಲಿ ಆಮ್ಲ ಸೇರಿರುವುದರಿಂದ 20 ಮಿ.ಗ್ರಾಂ ಕೂಡ ಗಂಟಲಿಗೆ ಮೆತ್ತಗೆ ಇಳಿಯುತ್ತದೆ. ಅದೇ ಬಲದ ಫ್ರೀಬೇಸ್ ಗಂಟಲು ಕೆರೆಯುತ್ತದೆ. ಕೆಲವರಿಗೆ ಆ ಕೆರೆತವೇ ಬೇಕು, ಅದಿಲ್ಲದೆ ಸೇದಿದಂತೆ ಅನಿಸುವುದಿಲ್ಲ.

ದಿನಕ್ಕೆ ಇಪ್ಪತ್ತು ಸಿಗರೇಟಿನ ಆಸುಪಾಸಿನವರಿಗೆ 1.2 ಓಮ್ ಮತ್ತು 20 ಮಿ.ಗ್ರಾಂ ಸಾಲ್ಟ್. ಹತ್ತರ ಆಸುಪಾಸಿನವರಿಗೆ ಅದೇ ಕಾಯಿಲ್, ಆದರೆ 10 ಅಥವಾ 12ರಿಂದ ಶುರು ಮಾಡಿ, ಸಾಲದಿದ್ದರೆ ಏರಿಸುವುದು. ಹೊಸಬರು ಸಾಮಾನ್ಯವಾಗಿ 3 ಮಿ.ಗ್ರಾಂ ಕೇಳುತ್ತಾರೆ, "ಕಮ್ಮಿ ಇದ್ರೆ ಒಳ್ಳೇದಲ್ವಾ" ಎಂದು. 1.2 ಓಮ್‌ನಲ್ಲಿ 3 ಮಿ.ಗ್ರಾಂ ಎಂದರೆ ಹೆಚ್ಚುಕಡಿಮೆ ಬರೀ ಆವಿ. ಬೆಳಗಿನಿಂದ ಡಿವೈಸ್ ಕೈಬಿಡದೆ ಎಳೆಯುತ್ತಿರುತ್ತಾರೆ, ಸಂಜೆ ಹೊತ್ತಿಗೆ ಸಿಗರೇಟು ಹಚ್ಚುತ್ತಾರೆ. ಇದರ ವಿರುದ್ಧದ ತಪ್ಪು ಇನ್ನೂ ಕೆಟ್ಟದ್ದು. 0.4 ಓಮ್ ಕಾಯಿಲ್‌ಗೆ 20 ಮಿ.ಗ್ರಾಂ ಸಾಲ್ಟ್ ಹಾಕಿ ಎದೆ ತುಂಬ ಎಳೆದರೆ ನಾಲ್ಕೈದು ದಮ್ಮಿಗೆ ತಲೆ ಸುತ್ತಿ, ಹೊಟ್ಟೆ ತೊಳಸಿ, ಬೆವರು ಕಿತ್ತುಕೊಂಡು ಬರುತ್ತದೆ. ಹಾಗಾದರೆ ತಕ್ಷಣ ನಿಲ್ಲಿಸಿ, ನೀರು ಕುಡಿದು, ಗಾಳಿಯಾಡುವ ಕಡೆ ಕೂರಬೇಕು. ವಾಂತಿ ನಿಲ್ಲದಿದ್ದರೆ ಅಥವಾ ಎದೆಬಡಿತ ಇಳಿಯದಿದ್ದರೆ ವೈದ್ಯಕೀಯ ನೆರವು ಪಡೆಯಲೇಬೇಕು. ಕಮ್ಮಿ ಓಮ್ ಬಳಸುವವರು 3, ಹೆಚ್ಚೆಂದರೆ 6 ಮಿ.ಗ್ರಾಂ ಮೀರಬಾರದು.

ದುಡ್ಡಿನ ಲೆಕ್ಕವೂ ಓಮ್‌ಗೆ ಅಂಟಿಕೊಂಡೇ ಇದೆ. 1.2 ಓಮ್‌ನಲ್ಲಿ ದಿನಕ್ಕೆ 2 ಮಿ.ಲೀ. ಖರ್ಚಾಗುತ್ತದೆ ಎಂದಿಟ್ಟುಕೊಳ್ಳಿ, 20 ಮಿ.ಗ್ರಾಂ ಲಿಕ್ವಿಡ್ ಆದರೆ ಅದರಲ್ಲಿರುವ ನಿಕೋಟಿನ್ 40 ಮಿ.ಗ್ರಾಂ. 0.2 ಓಮ್‌ನ ದೊಡ್ಡ ಟ್ಯಾಂಕ್‌ನಲ್ಲಿ ದಿನಕ್ಕೆ 10 ಮಿ.ಲೀ. ಸುಲಭವಾಗಿ ಹೋಗುತ್ತದೆ, 3 ಮಿ.ಗ್ರಾಂ ಲೆಕ್ಕದಲ್ಲಿ 30 ಮಿ.ಗ್ರಾಂ. ನಿಕೋಟಿನ್ ಹತ್ತಿರ ಹತ್ತಿರ ಅಷ್ಟೇ, ಲಿಕ್ವಿಡ್ ಮಾತ್ರ ಐದು ಪಟ್ಟು. 2026ರ ಅಕ್ಟೋಬರ್ 1ರಿಂದ ಪ್ರತಿ 10 ಮಿ.ಲೀ.ಗೆ 2.20 ಪೌಂಡ್ ಸುಂಕ ಎಂದು ಬ್ರಿಟಿಷ್ ಸರ್ಕಾರ ನಿಗದಿ ಮಾಡಿದೆ. ಆ ಲೆಕ್ಕದಲ್ಲಿ ಮೂವತ್ತು ದಿನಕ್ಕೆ ಮೊದಲನೆಯವರಿಗೆ ಸುಂಕವೇ 13 ಪೌಂಡ್ ಚಿಲ್ಲರೆ, ಎರಡನೆಯವರಿಗೆ 66. ಐವತ್ತು ಮಿ.ಲೀ. ಇರುವ ಅಗ್ಗದ ಶಾರ್ಟ್‌ಫಿಲ್ ಬಾಟಲಿ ನೋಡಿ ಆಸೆಪಡುವ ಹೊಸಬರಿಗೆ ಒಂದು ಮಾತು: ಅದು ಸಾಮಾನ್ಯವಾಗಿ 70 ವಿಜಿಯ ಲಿಕ್ವಿಡ್, ಒಳಗೆ ನಿಕೋಟಿನ್ ಇರುವುದಿಲ್ಲ. 18 ಮಿ.ಗ್ರಾಂನ 10 ಮಿ.ಲೀ. ನಿಕ್ ಶಾಟ್ (ನಿಕೋಟಿನ್ ಬೆರೆಸಲೆಂದೇ ಇರುವ ಚಿಕ್ಕ ಬಾಟಲಿ) ಸೇರಿಸಿದರೆ ಒಟ್ಟು 60 ಮಿ.ಲೀ.ಗೆ 3 ಮಿ.ಗ್ರಾಂ ಆಗುತ್ತದೆ. 1.2 ಓಮ್ ಕಾಯಿಲ್‌ಗೆ ಅದು ಮಂದವೂ ಹೌದು, ಸಪ್ಪೆಯೂ ಹೌದು.

ಯಾವ ಡಿವೈಸ್ ಎಂಬ ಪ್ರಶ್ನೆಯಲ್ಲಿ ನಾನು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. 2025ರ ಜೂನ್ 1ರಿಂದ ಬ್ರಿಟನ್ನಿನಲ್ಲಿ ಬಳಸಿ ಬಿಸಾಡುವ ವೇಪ್‌ಗಳ ಮಾರಾಟವೇ ನಿಂತಿದೆ, ಹಾಗಾಗಿ ಹೇಗೂ ತುಂಬಿಸಿಕೊಳ್ಳುವ ಪಾಡ್ ಕಿಟ್ಟಿಗೇ ಬರಬೇಕು. ಪಾಡ್ ಎಂದರೆ ಲಿಕ್ವಿಡ್ ತುಂಬುವ ಪುಟ್ಟ ಟ್ಯಾಂಕ್. ವೇಪೊರೆಸೋ ಎಕ್ಸ್‌ರೋಸ್‌ನಂಥದ್ದರಲ್ಲಿ ಕಾಯಿಲ್ ಪಾಡ್‌ನೊಳಗೇ ಕೂತಿರುತ್ತದೆ, ಸವೆದರೆ ಇಡೀ ಪಾಡ್ ಬದಲಿಸಬೇಕು. ಯೂವೆಲ್ ಕ್ಯಾಲಿಬರ್ನ್ ಜಿ2ನಂಥದ್ದರಲ್ಲಿ ಕಾಯಿಲ್ ಮಾತ್ರ ಕಿತ್ತು ಹೊಸದು ಒತ್ತಬಹುದು. ನೋಡಬೇಕಾದದ್ದು ಎರಡೇ: 1.0 ಅಥವಾ 1.2 ಓಮ್‌ನ ಪಾಡ್ ಅದಕ್ಕೆ ಸಿಗುತ್ತದೆಯೇ, ಗಾಳಿಯ ಹರಿವನ್ನು ಬಿಗಿ ಮಾಡಲು ಸಾಧ್ಯವೇ. ಕಿಟ್ಟಿನೊಳಗೆ ಎರಡು ಪಾಡ್ ಬಂದಿದ್ದರೆ ಅದರಲ್ಲಿ ಒಂದು 0.6 ಇರುವ ಸಂಭವ ಹೆಚ್ಚು. ಅದನ್ನು ಬದಿಗಿಟ್ಟು ಹೆಚ್ಚಿನ ಓಮ್‌ನದ್ದನ್ನು ಮೊದಲು ಹಾಕಿ. ಕಾಯಿಲ್ ಮೆಷ್ಷೋ ತಂತಿಯೋ ಎಂಬುದರಿಂದಲೂ ರುಚಿ ಬದಲಾಗುತ್ತದೆ. ಜಾಲರಿಯಂಥ ಮೆಷ್ ಹೆಚ್ಚು ಜಾಗದಲ್ಲಿ ಸಮನಾಗಿ ಕಾಯುವುದರಿಂದ ಅದೇ ಓಮ್‌ನಲ್ಲೂ ಆವಿ ಸ್ವಲ್ಪ ಬೆಚ್ಚಗೆ, ತುಂಬಿ ಬರುತ್ತದೆ. ಕಾಂತಾಲ್, ನೈಕ್ರೋಮ್, ಸ್ಟೀಲ್ ಎಂಬ ಲೋಹದ ಚರ್ಚೆ ಮೊದಲ ಆರು ತಿಂಗಳು ಬೇಕಾಗಿಯೇ ಇಲ್ಲ. ಚಿಪ್ ಇಲ್ಲದ ಮೆಕ್ಯಾನಿಕಲ್ ಡಿವೈಸ್ ಮಾತ್ರ ಖಂಡಿತ ಬೇಡ. ಅದರಲ್ಲಿ 0.2 ಓಮ್ ಕಾಯಿಲ್ ಕೂರಿಸಿದರೆ ತುಂಬಿದ ಬ್ಯಾಟರಿಯಿಂದ 21 ಆಂಪಿಯರ್ ಹರಿಯುತ್ತದೆ. ಬ್ಯಾಟರಿಗೆ ಆ ತಾಕತ್ತಿಲ್ಲದಿದ್ದರೆ ತಡೆಯುವವರು ಯಾರೂ ಇಲ್ಲ, ಕೈಯಲ್ಲೇ ಸಿಡಿಯಬಹುದು.

ಕಾಯಿಲ್ ಕೂರಿಸುವ ಕೆಲಸ ಅವಸರದ್ದಲ್ಲ. ಬದಲಿಸುವ ಕಾಯಿಲ್ ಆದರೆ ಪಕ್ಕದ ಒಂದೊಂದು ತೂತಿನಲ್ಲಿ ಕಾಣುವ ಬಿಳಿ ಹತ್ತಿಯ ಮೇಲೆ ಎರಡು ಮೂರು ಹನಿ, ಮೇಲಿನಿಂದ ಒಳಗೋಡೆಗೆ ಒಂದು ಹನಿ. ಬಿಳಿ ಹತ್ತಿ ನೆನೆದು ಅರೆಪಾರದರ್ಶಕವಾಗುವುದು ಕಣ್ಣಿಗೆ ಕಾಣುತ್ತದೆ. ಒಣ ಬಿಳಿ ಚುಕ್ಕೆ ಉಳಿದಿದ್ದರೆ ಇನ್ನೊಂದು ಹನಿ. ನಡುವಿನ ಕೊಳವೆಗೆ ಸುರಿಯಬಾರದು. ಕಾಯಿಲನ್ನು ತಳದವರೆಗೆ ಒತ್ತಿ ಕೂರಿಸಿ. ಪಾಡ್ ತುಂಬಿಸುವಾಗ ಮೇಲೆ ಒಂದಿಷ್ಟು ಗಾಳಿಗೆ ಜಾಗ ಬಿಟ್ಟು ಮುಚ್ಚಳ ಹಾಕಿ, ನೆಟ್ಟಗೆ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಕಾಯಿಲ್ ಒಳಗೇ ಇರುವ ಪಾಡ್‌ನಲ್ಲಿ ಹನಿ ಹಾಕುವ ಕೆಲಸವಿಲ್ಲ, ಆದರೆ ಹತ್ತು ನಿಮಿಷದ ಕಾಯುವಿಕೆಗೆ ವಿನಾಯಿತಿ ಇಲ್ಲ. ಕಾದ ಮೇಲೆ ಪಾಡನ್ನು ಬ್ಯಾಟರಿಗೆ ಹಾಕುವ ಮುಂಚೆ ಎರಡು ಮೂರು ಸಲ ಮೆಲ್ಲಗೆ ಎಳೆದರೆ ಲಿಕ್ವಿಡ್ ಹತ್ತಿಯೊಳಗೆ ಸರಿಯಾಗಿ ಕೂರುತ್ತದೆ. ಜೋರಾಗಿ ಎಳೆದರೆ ಬಾಯಿಗೇ ಬರುತ್ತದೆ.

ವ್ಯಾಟ್ ಬದಲಿಸುವ ಸೌಲಭ್ಯ ಇದ್ದರೆ ಕಾಯಿಲ್ ಮೇಲೆ ಕೆತ್ತಿರುವ ಮಿತಿಯ ಕೆಳತುದಿಯಿಂದ ಶುರು. "1.2 ಓಮ್, 10–12 ವ್ಯಾಟ್" ಎಂದಿದ್ದರೆ 10ರಲ್ಲಿ ಏಳೆಂಟು ದಮ್ಮು, ಆಮೇಲೆ ಅರ್ಧರ್ಧ ವ್ಯಾಟ್ ಏರಿಸಿ. ರುಚಿ ತುಂಬಿ ಬಂದಲ್ಲಿ ನಿಲ್ಲಿಸಿ. ಪರದೆ ಇರುವ ಡಿವೈಸ್‌ನಲ್ಲಿ ಓಮ್ ಕೂಡ ಕಾಣುತ್ತದೆ. 1.2ರ ಬದಲು 1.15 ಅಥವಾ 1.25 ತೋರಿಸಿದರೆ ಅದು ಮಾಮೂಲು. 0.8ರ ಕಾಯಿಲ್ 1.1 ತೋರಿಸಿದರೆ ಎಲ್ಲೋ ಸಡಿಲ ಅಥವಾ ಕೊಳೆ: ಪಾಡ್ ತೆಗೆದು ಕೆಳಗಿನ ಚಿನ್ನದ ಬಣ್ಣದ ಬಿಂದುಗಳನ್ನೂ ಬ್ಯಾಟರಿ ಕಡೆಯ ಪಿನ್ನುಗಳನ್ನೂ ಒಣ ಕಾಟನ್ ಬಡ್‌ನಿಂದ ಒರೆಸಿ ಮತ್ತೆ ಕೂರಿಸಿ. "ಚೆಕ್ ಆಟಮೈಸರ್" ಎಂದು ಬಂದರೂ ಇದೇ ಮದ್ದು. ಒರೆಸಿದ ಮೇಲೂ ಓಮ್ ತೀರಾ ಕೆಳಗೇ ತೋರಿಸುತ್ತಿದ್ದರೆ ಒಳಗೆ ಶಾರ್ಟ್ ಆಗಿದೆ, ಆ ಕಾಯಿಲ್ ಬಳಸಬಾರದು.

ದಮ್ಮು ಎಳೆಯುವ ರೀತಿಯನ್ನೂ ಹೇಳಿಕೊಡಬೇಕಾಗುತ್ತದೆ. ಸಿಗರೇಟನ್ನು ಚುರುಕಾಗಿ ಜೋರಾಗಿ ಎಳೆದು ಅಭ್ಯಾಸವಾದವರು ಇಲ್ಲೂ ಹಾಗೇ ಮಾಡುತ್ತಾರೆ. ವೇಪ್‌ನಲ್ಲಿ ಮೂರ್ನಾಲ್ಕು ಸೆಕೆಂಡು, ಮೆಲ್ಲಗೆ, ಒಂದೇ ಸಮ ಎಳೆಯಬೇಕು. ಎರಡು ದಮ್ಮಿನ ನಡುವೆ ಇಪ್ಪತ್ತು ಮೂವತ್ತು ಸೆಕೆಂಡು ಬಿಟ್ಟರೆ ಹತ್ತಿ ಮತ್ತೆ ನೆನೆಯುತ್ತದೆ. ಸರಿ ಹೊಂದಿದ ಕಾಯಿಲ್ ಸಣ್ಣಗೆ ಚರಚರ ಎನ್ನುತ್ತದೆ. ಗೊರಗೊರ ಎಂದರೆ ಕೊಳವೆಯಲ್ಲಿ ಲಿಕ್ವಿಡ್ ನಿಂತಿದೆ. ಪಾಡ್ ಬಿಚ್ಚಿ, ಬಾಯಿಗಿಡುವ ತುದಿಗೆ ಟಿಶ್ಯೂ ಸುತ್ತಿ, ಅದನ್ನು ಕೆಳಮುಖ ಮಾಡಿ ಎರಡು ಸಲ ಝಾಡಿಸಿ. ಟಿಶ್ಯೂವನ್ನು ಬತ್ತಿಯಂತೆ ಹೊಸೆದು ಕೊಳವೆಯೊಳಗೆ ಆಡಿಸಿ. ಮತ್ತೆ ಮತ್ತೆ ಹಾಗೇ ಆದರೆ ಜೋರಾಗಿ ಎಳೆಯುತ್ತಿದ್ದೀರಿ, ಅಥವಾ ಲಿಕ್ವಿಡ್ ಆ ಕಾಯಿಲ್‌ಗೆ ತೆಳುವಾಯಿತು, ಅಥವಾ ರಬ್ಬರ್ ರಿಂಗ್ ಮಡಚಿಕೊಂಡಿದೆ.

ಸೀದ ರುಚಿ ಒಮ್ಮೆ ಬಂದರೆ ಆ ಕಾಯಿಲ್ ಮುಗಿಯಿತು. ಸುಟ್ಟ ಹತ್ತಿ ಮತ್ತೆ ಮೊದಲಿನಂತಾಗುವುದಿಲ್ಲ. ಕಾರಣ ತಿಳಿಯಬೇಕಾದರೆ ಸತ್ತ ಕಾಯಿಲನ್ನು ಬಿಸಾಡುವ ಮುಂಚೆ ಇಕ್ಕಳದಿಂದ ತಗಡಿನ ಕವಚ ಬಿಡಿಸಿ ನೋಡುವುದು ನನ್ನ ರೂಢಿ. ಹೊರಗಿನ ಹತ್ತಿ ಚಹಾ ಬಣ್ಣಕ್ಕೆ ತಿರುಗಿ ಒದ್ದೆಯಾಗಿದ್ದು, ಮೆಷ್ಷಿನ ಮೇಲೆ ಹೊಳೆಯುವ ಕಪ್ಪು ಜಿಗುಟು ಗಟ್ಟಿಕೊಂಡಿದ್ದರೆ ಅದು ಸಿಹಿಯ ಕೆಲಸ. ಸುಕ್ರಲೋಸ್ ಹಾಕಿದ ಸಿಹಿ ಫ್ಲೇವರ್‌ಗಳು ಕಾಯಿಲ್ ಮೇಲೆ ಹೀಗೆ ಪಾಕ ಕಟ್ಟುತ್ತವೆ, ಎರಡು ವಾರ ಬರಬೇಕಾದ ಕಾಯಿಲ್ ನಾಲ್ಕೈದು ದಿನಕ್ಕೆ ಸಾಯುತ್ತದೆ. ಹಾಗಲ್ಲದೆ ಹತ್ತಿ ಒಣಗಿ, ಮೆಷ್ ತಾಗಿದ ಕಡೆ ಮಾತ್ರ ಕರಕಲು ಗೆರೆ ಇದ್ದರೆ ಲಿಕ್ವಿಡ್ ಮುಟ್ಟುವ ಮುಂಚೆ ಶಾಖ ಮುಟ್ಟಿದೆ: ನೆನೆಸದೆ ಶುರು ಮಾಡಿದ್ದು, ವ್ಯಾಟ್ ಹೆಚ್ಚಾದದ್ದು, ಬಿಡುವಿಲ್ಲದೆ ಎಳೆದದ್ದು, ಪಾಡ್ ತಳ ಕಂಡರೂ ತುಂಬಿಸದೇ ಇದ್ದದ್ದು, ಅಥವಾ ಮಂದ ಲಿಕ್ವಿಡ್. ಈ ಐದರಲ್ಲಿ ಒಂದು ಇದ್ದೇ ಇರುತ್ತದೆ. ಕಾರಣ ಹುಡುಕದೆ ಹೊಸ ಕಾಯಿಲ್ ಹಾಕಿದರೆ ಅದಕ್ಕೂ ಅದೇ ಗತಿ.

ಒಂದೆರಡು ವಾರ ಕಳೆದ ಮೇಲೆ ತಿದ್ದುಪಡಿ. ಚಡಪಡಿಕೆ ಉಳಿದಿದ್ದರೆ ಓಮ್ ಮುಟ್ಟಬೇಡಿ, ನಿಕೋಟಿನ್ ಏರಿಸಿ. ನಿಕೋಟಿನ್ ಸಾಕು, ಆದರೆ ಆವಿ ತೆಳು, ಎಳೆತ ತೀರಾ ಬಿಗಿ ಎನಿಸಿದರೆ 1.2ರಿಂದ 0.8ಕ್ಕೆ ಇಳಿಯಿರಿ, ಹಾಗೆ ಇಳಿದ ದಿನವೇ 20 ಮಿ.ಗ್ರಾಂ ಬಾಟಲಿಯನ್ನು 10ಕ್ಕೆ ಬದಲಿಸಿ. ಗಂಟಲು ಕೆರೆದರೆ ಫ್ರೀಬೇಸ್ ಬಿಟ್ಟು ಸಾಲ್ಟ್, ಆಗಲೂ ನಿಲ್ಲದಿದ್ದರೆ ಪಿಜಿ ಕಡಿಮೆ ಇರುವ ಲಿಕ್ವಿಡ್. ಒಂದು ಸಲಕ್ಕೆ ಒಂದನ್ನೇ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುತ್ತದೆ. ಓಮ್ ಇಳಿಸುವಾಗ ಮಾತ್ರ ನಿಕೋಟಿನ್ ಜೊತೆಯಲ್ಲೇ ಇಳಿಯಬೇಕು. ಮುಂದೆ ವೇಪನ್ನೂ ಬಿಡುವ ಹೊತ್ತು ಬಂದಾಗ ಅದೇ 1.2 ಓಮ್ ಇಟ್ಟುಕೊಂಡು 20ರಿಂದ 10, 10ರಿಂದ 6, 6ರಿಂದ 3 ಎಂದು ವಾರಗಟ್ಟಲೆ ಅಂತರದಲ್ಲಿ ಇಳಿಯುವುದು ಸುಲಭ. ಕಾಯಿಲ್ ಬದಲಾಗದೇ ಇದ್ದರೆ ಪ್ರಮಾಣ ಎಷ್ಟು ತಗ್ಗಿತೆಂಬ ಅಂದಾಜು ಕೈತಪ್ಪುವುದಿಲ್ಲ. ನಡುವೆ ಸಿಗರೇಟಿನ ಕಡೆ ಮನಸ್ಸು ಎಳೆದರೆ ಒಂದು ಮೆಟ್ಟಿಲು ಹಿಂದಕ್ಕೆ ಹೋಗಿ ಕೆಲ ವಾರ ನಿಲ್ಲಿ.

ಲಿಕ್ವಿಡ್ ಬಾಟಲಿ ಮಕ್ಕಳ, ಸಾಕುಪ್ರಾಣಿಗಳ ಕೈಗೆಟುಕದ ಕಪಾಟಿನಲ್ಲಿ ಬೀಗದೊಳಗೆ ಇರಲಿ. ಕೈಮೇಲೆ ಚೆಲ್ಲಿದರೆ ತಕ್ಷಣ ಸೋಪು ಹಾಕಿ ತೊಳೆಯಿರಿ. ರಾತ್ರಿ ಮಲಗುವಾಗ ಚಾರ್ಜಿಗೆ ಹಾಕಿಡಬೇಡಿ. ವಿಮಾನದಲ್ಲಿ ಡಿವೈಸ್ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. ಹತ್ತುವ ಮುಂಚೆ ಪಾಡ್ ಖಾಲಿ ಮಾಡಿ, ಇಲ್ಲದಿದ್ದರೆ ಮೇಲೆ ಒತ್ತಡ ಇಳಿದಾಗ ಒಳಗಿನ ಗಾಳಿ ಹಿಗ್ಗಿ ಲಿಕ್ವಿಡ್ಡನ್ನು ಹೊರಗೆ ತಳ್ಳುತ್ತದೆ. ಇದು ಕಾನೂನು ಬಿಡುವ ದೇಶಗಳ ನಡುವಿನ ಪ್ರಯಾಣಕ್ಕೆ ಹೇಳಿದ್ದು. ಊರಿಗೆ ಹೊರಟಿದ್ದರೆ ಡಿವೈಸ್, ಪಾಡ್, ಬಾಟಲಿ ಎಲ್ಲವೂ ಬ್ರಿಟನ್ನಿನ ಮನೆಯಲ್ಲೇ ಉಳಿಯಬೇಕು, ಏಕೆಂದರೆ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಅದು ನಿಷೇಧಿತ ಸರಕು. ರಜೆಯ ದಿನಗಳಿಗೆ ನಿಕೋಟಿನ್ ಗಮ್ ಅಥವಾ ಪ್ಯಾಚ್ ಬಗ್ಗೆ ಹೊರಡುವ ಎರಡು ವಾರ ಮುಂಚೆಯೇ ಫಾರ್ಮಸಿಯಲ್ಲಿ ಕೇಳಿ, ಅಲ್ಲಿರುವಾಗಲೇ ಒಂದೆರಡು ದಿನ ಅದರಲ್ಲಿ ಕಳೆದು ನೋಡಿ. ಪ್ರಮಾಣ ಸಾಲದಿದ್ದರೆ ಬದಲಿಸಿಕೊಳ್ಳಲು ಆಗ ಸಮಯ ಇರುತ್ತದೆ.